ಟಿವಿ ವೇದಿಕೆಯ ಮಕ್ಕಳು: ದಿನಕ್ಕೆ ಎಷ್ಟು ಗಂಟೆ ಕುಣಿಸಬಹುದು?

ಕೆ-ಪಾಪ್ ತಾರೆಯಾಗೋಕೆ ದಕ್ಷಿಣ ಕೊರಿಯಾದ ಹದಿಹರೆಯದವರು ಊಟ-ನಿದ್ದೆ ಬಿಟ್ಟು ತರಬೇತಿ ಪಡೆಯೋ ಸುದ್ದಿ ಓದಿ ನಾವು ಮರುಗುತ್ತೇವೆ. ಆದರೆ ಆ ದೇಶ 2014ರಲ್ಲೇ ಕಾನೂನು ತಂದು, 15 ವರ್ಷದೊಳಗಿನ ಕಲಾವಿದರಿಗೆ ವಾರಕ್ಕೆ 35 ಗಂಟೆ, ಅದಕ್ಕೂ ದೊಡ್ಡ ಅಪ್ರಾಪ್ತರಿಗೆ 40 ಗಂಟೆಯ ಮಿತಿ ಹಾಕಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಅವರನ್ನು ದುಡಿಸುವಂತಿಲ್ಲ. ಹಾಗಾದ್ರೆ ನಮ್ಮಲ್ಲಿ?

ಜಡೆಯಿಂದ ಸ್ಟುಡಿಯೋಗೆ

ನಮ್ಮಲ್ಲಿ ಕೊರಿಯಾದಂಥ ಪಾಪ್ ಕಂಪನಿಗಳಿಲ್ಲ. ಆ ಜಾಗದಲ್ಲಿ ಇರೋದು ಹಾಡು, ಕುಣಿತ, ನಾಟಕದ ರಿಯಾಲಿಟಿ ಶೋಗಳು. ಸೊರಬ ತಾಲ್ಲೂಕಿನ ಜಡೆಯಂಥ ಊರಲ್ಲಿ ಚೆನ್ನಾಗಿ ಹಾಡೋ ಮಗುವಿಗೆ ಮೊದಲು ಸಿಗೋದು ಶಾಲೆಯ ಪ್ರತಿಭಾ ಕಾರಂಜಿ, ಆಮೇಲೆ ಜಾತ್ರೆಯ ವೇದಿಕೆ. ಅದರಾಚೆಗಿನ ಕನಸು ಅಂದ್ರೆ ಆಡಿಷನ್. ಆಯ್ಕೆಯಾದರೆ ಚಿತ್ರೀಕರಣ ಹೆಚ್ಚಾಗಿ ಬೆಂಗಳೂರಲ್ಲಿ. ರಾತ್ರಿ ಬಸ್ಸು, ತಪ್ಪಿದ ಪಾಠ, ಜೊತೆಗೆ ಹೋದ ಅಪ್ಪನೋ ಅಮ್ಮನೋ ಬಿಟ್ಟ ಗದ್ದೆ ಕೆಲಸ: ಇವು ಟಿವಿಯಲ್ಲಿ ಕಾಣೋದಿಲ್ಲ.

ಮಕ್ಕಳು ವೇದಿಕೆ ಏರೋದು ಹೊಸದೇನಲ್ಲ. ಡಾ. ರಾಜ್‌ಕುಮಾರ್ ಕೂಡ ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದವರು. ಆಗ ಮಕ್ಕಳ ದುಡಿಮೆಗೆ ಗಂಟೆ ಲೆಕ್ಕ ಇರಲಿಲ್ಲ. ಈಗ ಇದೆ.

ದೇಹ, ಮನಸ್ಸು ಏನಾಗುತ್ತೆ?

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ನಿದ್ರಾ ತಜ್ಞರು. ವಿರಾಮವಿಲ್ಲದೆ ಎತ್ತರದ ಶ್ರುತಿಯಲ್ಲಿ ಹಾಡಿದರೆ ಧ್ವನಿತಂತುಗಳಲ್ಲಿ ಗಂಟು ಬೆಳೆಯಬಹುದು. ಎಳೆಯ ಮೂಳೆಯ ಬೆಳವಣಿಗೆಯ ಭಾಗ ಮೃದುವಾಗಿರೋದರಿಂದ ಒಂದೇ ಹೆಜ್ಜೆಯನ್ನು ನೂರಾರು ಸಲ ಹಾಕಿಸಿದರೆ ಪೆಟ್ಟಾಗುವ ಸಾಧ್ಯತೆ ಹೆಚ್ಚು.

ಮನಸ್ಸಿನ ಪೆಟ್ಟೂ ಸಣ್ಣದಲ್ಲ. 2008ರಲ್ಲಿ ಕೋಲ್ಕತ್ತಾದ 16 ವರ್ಷದ ಹುಡುಗಿಯೊಬ್ಬಳು ನೃತ್ಯ ಸ್ಪರ್ಧೆಯ ನಂತರ ಮಾತು ಕಳೆದುಕೊಂಡು, ಬೆಂಗಳೂರಿನ ನಿಮ್ಹಾನ್ಸ್‌ಗೆ ಬರಬೇಕಾಯಿತು. ತೀರ್ಪುಗಾರರ ಕಟುಮಾತೇ ಕಾರಣ ಅಂತ ಮನೆಯವರು ಹೇಳಿದ್ದರು. ರಿಯಾಲಿಟಿ ಶೋಗಳಲ್ಲಿ ಮಕ್ಕಳ ಪಾಡೇನು ಅನ್ನೋ ಚರ್ಚೆ ದೇಶದಲ್ಲಿ ಜೋರಾಗಿದ್ದು ಆಗ.

ಕಾನೂನಲ್ಲಿ ಏನಿದೆ?

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ. ಆದರೆ ಕಲಾವಿದರಾಗಿ ಭಾಗವಹಿಸಲು ವಿನಾಯಿತಿ ಇದೆ. ರಿಯಾಲಿಟಿ ಶೋಗಳನ್ನೂ ಹೆಸರಿಸಿ 2017ರ ನಿಯಮಗಳು ಹಾಕಿದ ಷರತ್ತುಗಳು ಇವು:

- ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ.
- ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಶಾಲೆಯ ಪಾಠ ನಿಲ್ಲಬಾರದು.
- ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಂದ ನಿರ್ಮಾಪಕರು ಮೊದಲೇ ಅನುಮತಿ ಪಡೀಬೇಕು.
- ಗರಿಷ್ಠ 5 ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು.
- ಗಳಿಕೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು.
- ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಯಾವುದನ್ನೂ ಮಾಡಿಸುವಂತಿಲ್ಲ.

ತೂತು ಎಲ್ಲಿದೆ?

ಮೊದಲನೆಯದು, ತಾಲೀಮು. ನಿಯಮ 'ಕೆಲಸ'ದ ಗಂಟೆ ಎಣಿಸುತ್ತೆ. ಆದರೆ ಕ್ಯಾಮೆರಾ ಆನ್ ಆಗೋ ಮುಂಚಿನ ತಾಲೀಮು, ಮೇಕಪ್ಪು, ಕಾಯುವಿಕೆ ಈ 5 ಗಂಟೆಯೊಳಗೆ ಬರುತ್ತೋ ಇಲ್ಲವೋ ಅಂತ ಬಿಡಿಸಿ ಹೇಳೋದಿಲ್ಲ. ಮಗು ದಣಿಯೋದು ಹೆಚ್ಚಾಗಿ ಅಲ್ಲೇ.

ಎರಡನೆಯದು, ದುಡ್ಡು. ಸ್ಪರ್ಧಿಗೆ ಸಂಬಳವೇ ಇಲ್ಲ, ಗೆದ್ದವರಿಗಷ್ಟೇ ಬಹುಮಾನ ಅಂದರೆ ಉಳಿದ ಮಕ್ಕಳ ಪಾಲಿಗೆ ಶೇ. 20 ಅಂದ್ರೆ ಸೊನ್ನೆ.

ಮೂರನೆಯದು, 14 ತುಂಬಿದವರು. ಮೇಲಿನ ಷರತ್ತುಗಳು 'ಮಗು'ವಿಗೆ ಬರೆದವು. 14ರಿಂದ 18ರವರಿಗೆ ಕಾಯ್ದೆಯ ಮೂರನೇ ಭಾಗದಲ್ಲಿ ವಿರಾಮ, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ 6 ಗಂಟೆ ಮಿತಿಯಿದೆ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೂ ನಿಷಿದ್ಧ. ಆದರೆ ಇದು ಉದ್ಯೋಗದಲ್ಲಿರೋರಿಗೆ. 'ಇವರು ನೌಕರರಲ್ಲ, ಸ್ಪರ್ಧಿಗಳು' ಅಂತ ನಿರ್ಮಾಪಕರು ನುಣುಚಿಕೊಳ್ಳೋಕೆ ದಾರಿ ಇದೆ.

ನಾವೇನು ಕೇಳಬೇಕು?

ಅನುಮತಿ ಕೊಡೋದು ಶೂಟಿಂಗ್ ನಡೆಯೋ ಜಿಲ್ಲೆ. ಹಾಗಾಗಿ ಬೆಂಗಳೂರಿಗೆ ಹೋದ ಜಡೆಯ ಮಗುವಿನ ಕಡತ ಶಿವಮೊಗ್ಗದಲ್ಲಿ ಇರೋದಿಲ್ಲ. ಯಾವ ಶೋಗೆ ಅನುಮತಿ ಸಿಕ್ಕಿದೆ, ಎಷ್ಟು ಮಕ್ಕಳಿದ್ದಾರೆ, ತಪಾಸಣೆ ಎಷ್ಟು ಸಲ ಆಗಿದೆ ಅಂತ ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಪಾಲಕರು ಸಹಿ ಹಾಕೋ ಮುಂಚೆ ತಾಲೀಮಿನ ಗಂಟೆ, ಮಲಗೋ ಜಾಗ, ಠೇವಣಿಯ ಲೆಕ್ಕವನ್ನು ಬರಹದಲ್ಲಿ ಕೇಳಬೇಕು. ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು. ಅದು ಹಗಲು ರಾತ್ರಿ ಉಚಿತ.

ಹೋಟೆಲಲ್ಲಿ ಲೋಟ ತೊಳೆಯೋ ಹುಡುಗನನ್ನು ಕಂಡರೆ ಬಾಲಕಾರ್ಮಿಕ ಅಂತೀವಿ. ನಡುರಾತ್ರಿ ಮೇಕಪ್ಪಲ್ಲಿ ತೂಕಡಿಸೋ ಮಗುವನ್ನು ಪ್ರತಿಭೆ ಅಂತೀವಿ. ಪ್ರತಿಭೆ ನಿಜವೇ ಇರಬಹುದು, ಆದರೆ ದಣಿವೂ ಅಷ್ಟೇ ನಿಜ. ತಾಲೀಮನ್ನೂ ಕೆಲಸ ಅಂತ ಎಣಿಸೋ ಒಂದು ಸಾಲು ನಿಯಮಕ್ಕೆ ಸೇರಲಿ. ಕೇಳಬೇಕಾದ ಮೊದಲ ತಿದ್ದುಪಡಿ ಅದೇ.