ಕೃಷ್ಣೆಯ ಮಹಾಪೂರವನ್ನು ಅಳೆದವರು

ಆಷಾಢ ಶ್ರಾವಣ ಮಾಸಗಳು ಬಂದವೆಂದರೆ ಸಾಂಗಲಿಯ ಕಡೆಯ ವರ್ತಮಾನಪತ್ರಗಳು ಅಯರ್ವಿನ್ ಸೇತುವೆಯ ಬಳಿ ನೀರು ಎಷ್ಟು ಅಡಿ ಏರಿತೆಂಬುದನ್ನು ದಿನವೂ ಅಚ್ಚು ಹಾಕುತ್ತವೆ. ಅದೇ ದಿನ ಬೆಳಗಾವಿ, ಬಾಗಲಕೋಟೆಗಳ ಪತ್ರಗಳು ಶಿರೋಳ ತಾಲೂಕಿನ ರಾಜಾಪುರದ ಬಂಧಾರದಿಂದ ಎಷ್ಟು ಸಾವಿರ ಕ್ಯೂಸೆಕ್ಸ್ ನೀರು ಹರಿದು ಬರುತ್ತಿದೆಯೆಂದು ತಿಳಿಸುತ್ತವೆ. ಅಲಮಟ್ಟಿಯ ಅಧಿಕಾರಿಗಳಾದರೋ ಸಮುದ್ರಮಟ್ಟದಿಂದ ಇಷ್ಟು ಮೀಟರು ಎಂದು ಹೇಳುತ್ತಾರೆ. ಹೊಳೆ ಒಂದೇ, ಅದನ್ನು ಕುರಿತು ನಾವು ಕೇಳುವ ಮಾತುಗಳು ಮೂರು ಬಗೆಯವು. ಅಡಿಯ ಲೆಕ್ಕವು ನೀರಿನ ಎತ್ತರವನ್ನು, ಕ್ಯೂಸೆಕ್ಸಿನ ಲೆಕ್ಕವು ಕ್ಷಣವೊಂದಕ್ಕೆ ಹರಿಯುವ ಘನ ಅಡಿಗಳನ್ನು, ಮೀಟರಿನ ಲೆಕ್ಕವು ಜಲಾಶಯದ ಮಟ್ಟವನ್ನು ಸೂಚಿಸುವುದರಿಂದ ಇವನ್ನು ಒಂದರ ಪಕ್ಕಕ್ಕೆ ಒಂದನ್ನು ಇಟ್ಟು ಹೋಲಿಸುವುದು ಸಾಮಾನ್ಯನಿಗೆ ಸಾಧ್ಯವಿಲ್ಲ.

ಈ ತೊಡಕಿನ ಕಷ್ಟವನ್ನು ಗಡಿಯಲ್ಲಿ ವಾಸಿಸುವ ನಮ್ಮಷ್ಟು ಬಲ್ಲವರು ವಿರಳ. ಮಹಾಪೂರ ಬಂದ ವರ್ಷ ಸಾಂಗಲಿಯ ಪೇಟೆಯಲ್ಲಿ "ನಿಮ್ಮವರ ಅಲಮಟ್ಟಿ ನಮ್ಮನ್ನು ಮುಳುಗಿಸಿತು" ಎಂಬ ಮಾತನ್ನು ನಾವು ಕೇಳಬೇಕು. ಅಥಣಿ, ಜಮಖಂಡಿಗಳ ಬೀಗರ ಮನೆಗೆ ಹೋದರೆ "ನಿಮ್ಮವರ ಕೊಯ್ನಾ ನಮ್ಮ ಕಬ್ಬನ್ನು ಕೊಚ್ಚಿಕೊಂಡು ಹೋಯಿತು" ಎಂಬುದನ್ನೂ ಕೇಳಬೇಕು. ಎರಡೂ ಕಡೆಯವರಿಗೆ ನಾವು ಎದುರು ಪಕ್ಷದವರೇ. ಆದುದರಿಂದ ಈ ನೀರನ್ನು ಯಾರು, ಯಾವಾಗಿನಿಂದ, ಹೇಗೆ ಅಳೆಯುತ್ತ ಬಂದರು, ಅಳೆದುದನ್ನು ಪರಸ್ಪರ ತಿಳಿಸಿಕೊಂಡರೇ ಎಂಬ ವೃತ್ತಾಂತವು ನಮ್ಮ ಮನೆಗಳಿಗೆ ಬೇಕಾದುದೆಂದು ಭಾವಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮಳೆಯ ಲೆಕ್ಕ ಹಳೆಯದು. ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ತಾಲೂಕಿನ ಕಚೇರಿಯ ಅಂಗಳದಲ್ಲಿ ನೆಟ್ಟ ಮಳೆಮಾಪಕದಿಂದ ಮುಂಜಾನೆ ನೀರನ್ನು ತೆಗೆದು, ಗಾಜಿನ ಅಳತೆಪಾತ್ರೆಗೆ ಸುರಿದು, ದಫ್ತರದಲ್ಲಿ ಬರೆದಿಡುವ ಪದ್ಧತಿಯನ್ನು ನಮ್ಮ ಹಿರಿಯರೆಲ್ಲರೂ ಕಂಡವರೇ. ಈಗಲೂ ಇಲಾಖೆಯ ಮಳೆಯ ದಿನವು ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಬೆಳೆಯ ಅಂದಾಜಿಗೂ ಬರಗಾಲದ ನಿರ್ಣಯಕ್ಕೂ ದಿನಕ್ಕೊಂದು ಅಂಕಿ ಸಾಕಾಗಿತ್ತು. ಮಹಾಪೂರಕ್ಕೆ ಅದು ಸಾಲದು. ಸಹ್ಯಾದ್ರಿಯ ನೆತ್ತಿಯಲ್ಲಿ ರಾತ್ರಿ ಹತ್ತಕ್ಕೆ ಸುರಿದ ಮಳೆಯ ಲೆಕ್ಕ ಮರುದಿನ ಕಚೇರಿಗೆ ಬರುವಷ್ಟರಲ್ಲಿ ನೀರು ಹಳ್ಳಗಳನ್ನು ದಾಟಿ ಹೊಳೆಯನ್ನು ಸೇರಿರುತ್ತದೆ.

ಇನ್ನು ಹೊಳೆಯ ದಂಡೆಯ ರಾಜ್ಯಭಾರವನ್ನು ನೋಡೋಣ. ಸ್ವಾತಂತ್ರ್ಯದ ಹೊತ್ತಿಗೆ ಮಹಾಬಳೇಶ್ವರದಿಂದ ಬಿಜಾಪುರ ಜಿಲ್ಲೆಯವರೆಗಿನ ಕೃಷ್ಣೆಯ ನೀರು ಬ್ರಿಟಿಷ್ ಜಿಲ್ಲೆಗಳನ್ನಲ್ಲದೆ ಸಾಂಗಲಿ, ಮಿರಜ, ಕುರುಂದವಾಡ, ಕೊಲ್ಲಾಪುರ, ಜಮಖಂಡಿ ಮೊದಲಾದ ಸಂಸ್ಥಾನಗಳನ್ನೂ ಮುಟ್ಟಿ ಬರುತ್ತಿತ್ತು. ಜತ್ತವೂ ಒಂದು ಸಂಸ್ಥಾನವೇ ಆಗಿತ್ತು. ಆದರೆ ಅದಕ್ಕೆ ಹೊಳೆಯ ಭಾಗ್ಯವಿರಲಿಲ್ಲ. 1948-49ರಲ್ಲಿ ಇವೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1949ರಿಂದ 1956ರವರೆಗೆ, ಏಳು ವರ್ಷಗಳ ಕಾಲ, ಮೇಲಣ ಕೃಷ್ಣೆ ಇಡಿಯಾಗಿ ಒಂದೇ ಸರಕಾರದ ಆಡಳಿತದಲ್ಲಿತ್ತು. ಕೊಯ್ನೆಗೆ ಆಣೆಕಟ್ಟು ಆಗ ಇನ್ನೂ ಎದ್ದಿರಲಿಲ್ಲ, ಅಲಮಟ್ಟಿಯ ಅಡಿಗಲ್ಲು ಬಿದ್ದಿರಲಿಲ್ಲ. ಕಟ್ಟಡಗಳು ಬಂದ ಕಾಲಕ್ಕೆ ಸರಕಾರಗಳು ಎರಡಾಗಿದ್ದುವು. ಕಾಲದ ಈ ಹೊಂದಾಣಿಕೆ ನಮ್ಮ ದುರ್ದೈವವೆಂದೇ ಹೇಳಬೇಕು.

1956ರ ನವೆಂಬರ್ 1ರಂದು ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ದಕ್ಷಿಣ ಸಾತಾರಾ ಎಂದಿದ್ದ ಜಿಲ್ಲೆಗೆ 1960ರಲ್ಲಿ ಸಾಂಗಲಿಯ ಹೆಸರು ಬಂದಿತು. ಕೊಯ್ನೆಯ ಜಲಾಶಯವು 105 ಟಿ.ಎಂ.ಸಿ. ನೀರನ್ನು ಹಿಡಿಯುವಷ್ಟು ದೊಡ್ಡದಾಗಿ ಎದ್ದಿತು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕೆಳಗೆ ಅಲಮಟ್ಟಿಯಲ್ಲಿ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು.

ಈ ನಡುವೆ ನೀರಿನ ಪಾಲಿನ ವ್ಯಾಜ್ಯವು ಏರ್ಪಟ್ಟು 1969ರಲ್ಲಿ ಬಚಾವತ್ ನ್ಯಾಯಮಂಡಳಿಯು ನೇಮಕಗೊಂಡಿತು. ಈ ಮಂಡಳಿಯ ಕೆಲಸದಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆಯುವ ಸಂಗತಿಯೊಂದಿದೆ. ಮೂರು ರಾಜ್ಯಗಳಿಗೆ ಹಂಚಬೇಕಾದ ನೀರು ಒಟ್ಟು ಎಷ್ಟು? ಇದಕ್ಕೆ ಉತ್ತರವಿದ್ದುದು ಸಮುದ್ರದ ಸಮೀಪದ ವಿಜಯವಾಡದಲ್ಲಿ. ಅಲ್ಲಿನ ಹಳೆಯ ಒಡ್ಡಿನ ಮೇಲೆ ಹಾದುಹೋದ ನೀರಿನ ಲೆಕ್ಕವನ್ನು ನೌಕರರು ವರ್ಷದಿಂದ ವರ್ಷಕ್ಕೆ ಬರೆದಿಟ್ಟಿದ್ದರು. 1894-95ರಿಂದ 1971-72ರವರೆಗಿನ 78 ವರ್ಷಗಳ ಆ ಸಾಲನ್ನು ಆಧಾರವಾಗಿ ಹಿಡಿದು, ನೂರರಲ್ಲಿ ಎಪ್ಪತ್ತೈದು ವರ್ಷ ತಪ್ಪದೆ ದೊರೆಯುವ ನೀರು 2,060 ಟಿ.ಎಂ.ಸಿ. ಎಂದು ಮಂಡಳಿಯು ನಿಷ್ಕರ್ಷಿಸಿತು. ಪಾಲು ಹಂಚಿದಾಗ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಬಂದಿತು; ಹಳ್ಳಕೊಳ್ಳಗಳಿಗೆ ಮರಳಿ ಬಸಿದು ಬರುವ ನೀರಿಗೆ ಪ್ರತ್ಯೇಕ ಲೆಕ್ಕವಿತ್ತು. ಒಡ್ಡಿನ ಬಳಿ ನಿಂತು ಮಟ್ಟದ ಗುರುತನ್ನು ಓದಿದ ಆ ಅಜ್ಞಾತ ಗುಮಾಸ್ತರನ್ನು ಯಾರೂ ಸ್ಮರಿಸುವುದಿಲ್ಲ. ಅವರ ದಫ್ತರವಿಲ್ಲದಿದ್ದರೆ ಮೂರು ರಾಜ್ಯಗಳ ವಕೀಲರಿಗೆ ವಾದಿಸಲು ನೆಲೆಯೇ ಇರುತ್ತಿರಲಿಲ್ಲ.

ಆದರೆ ಮಂಡಳಿ ಹಂಚಿದುದು ಬೇಕಾದ ನೀರನ್ನು. ಬೇಡದ ನೀರಿನಲ್ಲಿ, ಎಂದರೆ ನಾಲ್ಕಾರು ದಿನಗಳಲ್ಲಿ ಒಮ್ಮೆಲೆ ಬಂದು ಊರು ಹೊಲ ನುಂಗುವ ನೀರಿನಲ್ಲಿ, ಯಾರೂ ಪಾಲು ಕೇಳಲಿಲ್ಲ. ಅದನ್ನು ಕೂಡಿ ಅಳೆಯುವ ಗೊಡವೆಯೂ ಬಹುಕಾಲ ಹಿಂದೆ ಬಿದ್ದಿತು.

ಕೇಂದ್ರ ಸರಕಾರದ ಪ್ರಯತ್ನ ಮಾತ್ರ ನಡೆದಿತ್ತು. ಕೇಂದ್ರ ಜಲ ಆಯೋಗದವರು ಪೂರದ ಮುನ್ಸೂಚನೆಯನ್ನು ಮೊತ್ತಮೊದಲು ಆರಂಭಿಸಿದ್ದು 1958ರಲ್ಲಿ, ದೆಹಲಿಯ ಯಮುನೆಗಾಗಿ. ಮುಂದೆ ಕೃಷ್ಣೆಯ ಮೇಲೆ ಕರಾಡ, ಅರ್ಜುನವಾಡ, ಕುರುಂದವಾಡಗಳಲ್ಲಿ ಅವರ ಮಾಪನ ಕೇಂದ್ರಗಳು ನಿಂತುವು. ಇವು ಈ ರಾಜ್ಯದವೂ ಅಲ್ಲ, ಆ ರಾಜ್ಯದವೂ ಅಲ್ಲ. ಆದುದರಿಂದ ಇವುಗಳ ಅಂಕಿಗೆ ಉಭಯ ಪಕ್ಷಗಳಲ್ಲಿಯೂ ಬೆಲೆಯುಂಟು. 1995ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದಲೂ ನೆದರ್ಲೆಂಡ್ಸ್ ಸರಕಾರದ ತಾಂತ್ರಿಕ ಸಹಾಯದಿಂದಲೂ ಜಲವಿಜ್ಞಾನ ಯೋಜನೆ ಎಂಬುದು ಪ್ರಾರಂಭವಾಯಿತು. ದಕ್ಷಿಣಾಪಥದ ರಾಜ್ಯಗಳ ನೀರಾವರಿ ಇಲಾಖೆಗಳು, ಜಲ ಆಯೋಗ, ಹವಾಮಾನ ಇಲಾಖೆ, ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ, ಪುಣೆಯ ಬಳಿ ಖಡಕವಾಸಲಾದಲ್ಲಿರುವ ಸಂಶೋಧನಾ ಕೇಂದ್ರ ಇವೆಲ್ಲ ಮಳೆಯನ್ನೂ ಹೊಳೆಯನ್ನೂ ಒಂದೇ ಕ್ರಮದಲ್ಲಿ ಅಳೆದು ಒಂದೇ ನಮೂನೆಯಲ್ಲಿ ಬರೆದಿಡಬೇಕೆಂಬುದು ಅದರ ಉದ್ದೇಶ. ಕೇಳುವುದಕ್ಕೆ ಇದು ನೀರಸವಾದ ಕಚೇರಿ ಕೆಲಸ. ಆದರೂ ಕರ್ನಾಟಕ ಮಹಾರಾಷ್ಟ್ರಗಳ ಎಂಜಿನಿಯರರು ಒಂದೇ ನಮೂನೆಯ ಕಾಗದವನ್ನು ತುಂಬಿದ್ದು ಸಣ್ಣ ಸಂಗತಿಯಲ್ಲ.

ಅಲಮಟ್ಟಿಯ ಎತ್ತರವನ್ನು ಸುಪ್ರೀಂ ಕೋರ್ಟು 2000ದಲ್ಲಿ 519.60 ಮೀಟರಿಗೆ ನಿಲ್ಲಿಸಿತು. ಆಗ ಆಕ್ಷೇಪಿಸಿದ್ದವರು ಕೆಳಗಿನ ಆಂಧ್ರದವರು, ತಮಗೆ ನೀರು ಕಡಿಮೆಯಾದೀತೆಂದು. 2005ರ ಜುಲೈ ಆಗಸ್ಟ್ ತಿಂಗಳುಗಳ ಮಹಾಪೂರದ ತರುವಾಯ ಮೇಲಿನ ಮಹಾರಾಷ್ಟ್ರದಿಂದ ಆಕ್ಷೇಪ ಎದ್ದಿತು, ತಮಗೆ ನೀರು ಹೆಚ್ಚಾಯಿತೆಂದು. ಒಂದೇ ಕಟ್ಟೆಯ ಮೇಲೆ ಎರಡು ವಿರುದ್ಧವಾದ ದೂರುಗಳು!

ಈ ದೂರಿನ ತಿರುಳನ್ನು ಸ್ವಲ್ಪ ವಿವರಿಸುವುದು ಅವಶ್ಯ. ಕಟ್ಟೆಯ ಹಿಂದೆ ನಿಂತ ನೀರು ಹೊಳೆಯ ಪಾತ್ರದಲ್ಲಿ ಮೇಲ್ಮುಖವಾಗಿ ಹಬ್ಬುವುದು ನಿಜ. ಅದಕ್ಕೆ ಹಿನ್ನೀರು ಎನ್ನುತ್ತೇವೆ. ಅದು ಎಷ್ಟು ದೂರ ಹಬ್ಬೀತೆಂಬುದು ಪಾತ್ರದ ಇಳಿಜಾರಿನ ಮೇಲೂ ಬರುತ್ತಿರುವ ಪ್ರವಾಹದ ಮೇಲೂ ಅವಲಂಬಿಸುತ್ತದೆ. ಅಲಮಟ್ಟಿಯಿಂದ ಸಾಂಗಲಿಗೆ ಹೊಳೆಯ ಹಾದಿ ಇನ್ನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಹಿಪ್ಪರಗಿಯ ಬ್ಯಾರೇಜು ಬೇರೆ. ಅಲಮಟ್ಟಿ, ಹಿಪ್ಪರಗಿ, ರಾಜಾಪುರ, ಕುರುಂದವಾಡ, ಸಾಂಗಲಿ ಈ ಐದು ಕಡೆ ಒಂದೇ ಗಳಿಗೆಯಲ್ಲಿ, ಒಂದೇ ಸಮುದ್ರಮಟ್ಟದಿಂದ ಎಣಿಸಿ, ನೀರಿನ ಎತ್ತರವನ್ನು ತೆಗೆದುಕೊಂಡರೆ ಹಿನ್ನೀರಿನ ಪ್ರಭಾವ ಎಲ್ಲಿಯವರೆಗೆಂಬುದು ಗೊತ್ತಾಗುತ್ತದೆ. ಬೇರೆ ಬೇರೆ ಗಳಿಗೆಯ ಅಂಕಿಗಳನ್ನು ಹಿಡಿದು ಕೂತರೆ ಎಷ್ಟು ವರ್ಷ ಬೇಕಾದರೂ ಜಗಳವಾಡಬಹುದು.

ಹಿನ್ನೀರಲ್ಲದೆ ಇನ್ನೊಂದು ಕಾರಣವೂ ಅಲ್ಲಿಯೇ ಇದೆ. ಕರಾಡದಲ್ಲಿ ಕೊಯ್ನೆ, ಸಾಂಗಲಿಯ ಸಮೀಪ ಹರಿಪುರದಲ್ಲಿ ವಾರಣೆ, ನರಸೋಬಾವಾಡಿಯಲ್ಲಿ ಪಂಚಗಂಗೆ ಬಂದು ಕೃಷ್ಣೆಯನ್ನು ಕೂಡುತ್ತವೆ. ಕೃಷ್ಣೆಯೇ ತುಂಬಿ ನಿಂತಾಗ ಪಂಚಗಂಗೆಯ ನೀರಿಗೆ ಹೋಗಲು ದಾರಿಯಿಲ್ಲ. ಅದು ಹಿಂದಕ್ಕೆ ಒತ್ತಿ ಶಿರೋಳದ ಬಯಲನ್ನೆಲ್ಲ ಆಕ್ರಮಿಸುತ್ತದೆ. ಗುಡಿಯೊಳಗೆ ಹೊಳೆ ಹೊಕ್ಕು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ವಾಡಿಯ ಭಕ್ತರು ಉತ್ಸವವೆಂದೇ ಆಚರಿಸುತ್ತಾರೆ. ಯಾವ ಆಣೆಕಟ್ಟೂ ಇಲ್ಲದ ಕಾಲದಲ್ಲಿಯೂ ಆ ಸಂಗಮದಲ್ಲಿ ನೀರು ಏರುತ್ತಿತ್ತೆಂಬುದಕ್ಕೆ ಆ ಆಚರಣೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

2019ರ ಆಗಸ್ಟಿನಲ್ಲಿ ಬಂದ ಪೂರ ಹಿಂದಿನದನ್ನು ಮೀರಿಸಿತು. ಅಯರ್ವಿನ್ ಸೇತುವೆಯ ಬಳಿ ಎಚ್ಚರಿಕೆಯ ಮಟ್ಟ 40 ಅಡಿ, ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿಯನ್ನೂ ದಾಟಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ನಾವೆ ಮಗುಚಿ ಹಲವರು, ಅವರಲ್ಲಿ ಹೆಂಗಸರು ಮಕ್ಕಳು, ಪ್ರಾಣ ಕಳೆದುಕೊಂಡರು. ಗಡಿಯ ಈಚೆ ಚಿಕ್ಕೋಡಿ, ಅಥಣಿ, ಜಮಖಂಡಿಗಳ ದಂಡೆಯ ಹಳ್ಳಿಗಳೂ ಅದೇ ವಾರ ಬರಿದಾದುವು. ದೂರು ಮತ್ತೆ ಎದ್ದಿತು. ಮಹಾರಾಷ್ಟ್ರ ಸರಕಾರವು ನಂದಕುಮಾರ ವಡನೇರೆ ಎಂಬ ಅನುಭವಿ ಎಂಜಿನಿಯರರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. 2020ರ ಮೇ ತಿಂಗಳಲ್ಲಿ ಒಪ್ಪಿಸಿದ ವರದಿಯಲ್ಲಿ ಆ ಸಮಿತಿಯು ಸಾಂಗಲಿ, ಕೊಲ್ಲಾಪುರಗಳ ಪೂರಕ್ಕೆ ಅಲಮಟ್ಟಿಯಾಗಲಿ ಹಿಪ್ಪರಗಿಯಾಗಲಿ ಕಾರಣವಲ್ಲವೆಂದು ಹೇಳಿತು. ಅತಿವೃಷ್ಟಿಯನ್ನೂ ಹೊಳೆಯ ಪಾತ್ರದ ಅತಿಕ್ರಮಣವನ್ನೂ ಎತ್ತಿ ತೋರಿಸಿತು. ತಮ್ಮ ಸರಕಾರವೇ ನೇಮಿಸಿದ ಸಮಿತಿಯಲ್ಲಿ ಕುಳಿತು, ಊರಿನ ಜನ ನಂಬಿದ್ದ ಮಾತಿಗೆ ವಿರುದ್ಧವಾದುದನ್ನು ಅಂಕಿಗಳ ಬಲದಿಂದ ಬರೆದ ಆ ಎಂಜಿನಿಯರರ ಧೈರ್ಯವನ್ನು ನಾವು ಮೆಚ್ಚುತ್ತೇವೆ.

ಜಲಾಶಯಗಳಿಗೆ ದೋಷವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಜಲಾಶಯ ಕಾಯುವವನಿಗೆ ಎರಡು ಚಿಂತೆಗಳು. ವಿದ್ಯುತ್ತಿಗೂ ನೀರಾವರಿಗೂ ಅದು ತುಂಬಿರಬೇಕು. ಪೂರವನ್ನು ತಡೆಹಿಡಿಯಲು ಅದು ಖಾಲಿಯಿರಬೇಕು. ಬೇಗ ತುಂಬಿಕೊಂಡು ಆಮೇಲೆ ಭಾರಿ ಮಳೆ ಬಂದರೆ ಬಾಗಿಲು ತೆರೆಯದೆ ಗತಿಯಿಲ್ಲ. ಕೊಯ್ನೆಗೂ ಅಲಮಟ್ಟಿಗೂ ಈ ಇಕ್ಕಟ್ಟು ಸಮಾನ. ಮೇಲಿನವನು ಯಾವಾಗ ಎಷ್ಟು ಬಿಡುತ್ತಾನೆಂಬುದು ಕೆಳಗಿನವನಿಗೆ ಮೊದಲೇ ತಿಳಿದರೆ ಅವನು ತನ್ನಲ್ಲಿ ಜಾಗ ಮಾಡಿಕೊಳ್ಳಬಲ್ಲನು. ಕೊಯ್ನೆಯಿಂದ ಬಿಟ್ಟ ನೀರು ಸಾಂಗಲಿಗೆ ಮುಟ್ಟಲು ಸುಮಾರು ಒಂದು ಹಗಲು ಒಂದು ರಾತ್ರಿ ಬೇಕು. ಅಲಮಟ್ಟಿಗೆ ಅದಕ್ಕೂ ಹೆಚ್ಚು. ಆ ಅವಧಿಯೇ ನಮಗಿರುವ ಬಂಡವಾಳ.

ಆ ಅವಧಿಯನ್ನು ಉಪಯೋಗಿಸುವ ಸಾಧನಗಳು ಎರಡೂ ರಾಜ್ಯಗಳಲ್ಲಿ ಈಗ ಇವೆ. ಮಹಾರಾಷ್ಟ್ರವು ಕೃಷ್ಣಾ ಭೀಮಾ ಕೊಳ್ಳಗಳಲ್ಲಿ ತಾನಾಗಿಯೇ ಸುದ್ದಿ ಕಳಿಸುವ ಮಾಪಕಗಳನ್ನು ಸ್ಥಾಪಿಸಿದೆ. ಕರ್ನಾಟಕದಲ್ಲಿ 1988ರಲ್ಲಿ ಬರಗಾಲವನ್ನು ಗಮನಿಸಲೆಂದು ಹುಟ್ಟಿದ ಘಟಕವು ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯತಿಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. 2021ರ ಜೂನ್ 19ರಂದು ಮಹಾರಾಷ್ಟ್ರದ ಆಗಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೊಡನೆ ಕುಳಿತು, ಮಳೆಯ, ಒಳಹರಿವಿನ, ಹೊರಹರಿವಿನ ಅಂಕಿಗಳನ್ನು ಆಯಾ ಗಳಿಗೆಯಲ್ಲಿಯೇ ಪರಸ್ಪರ ತಿಳಿಸಿಕೊಳ್ಳುವ ವಿಷಯವನ್ನು ಮಾತನಾಡಿದರು. ಐದು ವಾರ ಕಳೆಯುವುದರೊಳಗಾಗಿ, ಜುಲೈ 22-23ರಂದು, ಮಹಾಬಳೇಶ್ವರದಲ್ಲಿ ಒಂದೇ ದಿನಕ್ಕೆ 594 ಮಿಲಿಮೀಟರು ಮಳೆ ಬಿದ್ದಿತು. ಜತ್ತದ ನೆಲ ಇಡೀ ವರ್ಷದಲ್ಲಿ ಕಾಣುವ ಮಳೆಗೆ ಅದು ಹೆಚ್ಚುಕಡಿಮೆ ಸಮ. ಸಾಂಗಲಿ ಮತ್ತೆ ಮುಳುಗಿತು. ಯಾವ ಒಪ್ಪಂದವೂ ಅಂಥ ಮಳೆಯನ್ನು ತಡೆಯಲಾರದು. ಮನೆ ಬಿಡುವುದಕ್ಕೆ ಕೆಲವು ಗಂಟೆಗಳನ್ನು ಮಾತ್ರ ಗಳಿಸಿಕೊಡಬಲ್ಲದು.

ವ್ಯಾಜ್ಯ ಮುಗಿದಿಲ್ಲ. ಎರಡನೆಯ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ಅಲಮಟ್ಟಿಗೆ 524.256 ಮೀಟರಿನವರೆಗೆ ಅನುಮತಿಯಿತ್ತಿತು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಅದನ್ನು ಕೈಬಿಡಬೇಕೆಂದು ಕರ್ನಾಟಕದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಎತ್ತರದ ಪ್ರಶ್ನೆಯನ್ನು ನ್ಯಾಯಾಲಯಗಳೂ ಸರಕಾರಗಳೂ ನೋಡಿಕೊಳ್ಳಲಿ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ನಮ್ಮ ಬಂಧುಗಳಿಗೆ ಕೃಷ್ಣೆಗಿಂತ ಭೀಮೆ ಹತ್ತಿರ. ಉಜನಿಯ ಕಟ್ಟೆಯಿಂದ ಬಿಟ್ಟ ನೀರೂ ನೀರಾ ಹೊಳೆಯ ನೀರೂ ಕೂಡಿ 2020ರ ಅಕ್ಟೋಬರಿನಲ್ಲಿ ಮೊದಲು ಸೊಲ್ಲಾಪುರ ಜಿಲ್ಲೆಯ, ಆಮೇಲೆ ಕಲಬುರ್ಗಿಯ ದಂಡೆಗಳನ್ನು ತುಂಬಿದುದು ಎಲ್ಲರ ನೆನಪಿನಲ್ಲಿದೆ. ಭೀಮೆಯ ಮೇಲೆ ಟಾಕಳಿಯಲ್ಲಿಯೂ ಸೀನೆಯ ಮೇಲೆ ವಡಕಬಾಳದಲ್ಲಿಯೂ ಜಲ ಆಯೋಗದ ಮಾಪನ ಕೇಂದ್ರಗಳಿವೆ. ಟಾಕಳಿಯಲ್ಲಿ ಓದಿದ ಮಟ್ಟವು ಕೆಳಗೆ ದೇವಣಗಾಂವದ ಸೇತುವೆಯ ಮುನ್ಸೂಚನೆಗೆ ಆಧಾರವಾಗುತ್ತದೆ. ಮಳೆಗಾಲದಲ್ಲಿ ಆಯೋಗದವರು ಈ ಮುನ್ಸೂಚನೆಗಳನ್ನು ಸಾರ್ವಜನಿಕರಿಗೆ ಪ್ರಕಟಿಸುತ್ತಾರೆ. ಶಾಲೆಗೆ ಹೋಗುವ ನಮ್ಮ ಹುಡುಗರು ಅದನ್ನು ಓದಿ, ಹೊಳೆಯ ಆಚೆ ಇರುವ ಸೋದರಮಾವನ ಮನೆಗೆ ಫೋನು ಮಾಡಿ ಹೇಳಬಹುದು.