ಸೋರಲಾರದ ತೊಟ್ಟಿ

2024ರ ಬೇಸಿಗೆಯನ್ನು ಬೆಂಗಳೂರಿನಲ್ಲಿ ಕಳೆದವರು ಮರೆಯಲಾರರು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯುವುದೇ ನಿತ್ಯದ ಕೆಲಸವಾಗಿತ್ತು. ಆ ದಿನಗಳಲ್ಲಿ ನಮ್ಮ ಮನೆಯ ಸಂಪು ಲೆಕ್ಕಕ್ಕಿಂತ ಬೇಗ ಬರಿದಾಗತೊಡಗಿತು. ನಾನು ಮಹಡಿಯ ಬಾಡಿಗೆಯವರನ್ನು ಸಂಶಯಿಸಿದೆ. ಅಷ್ಟಕ್ಕೇ ನಿಲ್ಲದೆ, ಒಂದು ದಿನ ಮೆಟ್ಟಿಲ ಬಳಿ ಆ ಹೆಣ್ಣುಮಗಳಿಗೆ ಎರಡು ಬಿರುಸಿನ ಮಾತನ್ನೂ ಆಡಿಬಿಟ್ಟೆ.

ಕೆಲವು ದಿನಗಳ ಬಳಿಕ, ನಿದ್ರೆ ಬಾರದ ಒಂದು ಅಪರಾತ್ರಿ, ನಮ್ಮದೇ ಶೌಚಾಲಯದಿಂದ ಸಣ್ಣಗೆ ನೀರು ಹರಿಯುವ ಸದ್ದು ಕೇಳಿಸಿತು. ಬೆಳಿಗ್ಗೆ ಫ್ಲಶ್ ತೊಟ್ಟಿಗೆ ಒಂದಿಷ್ಟು ನೀಲಿ ಶಾಯಿ ಸುರಿದೆ. (ಮೇಷ್ಟರ ಮನೆಯಲ್ಲಿ ಶಾಯಿಗೆ ಬರವೇ!) ಯಾರೂ ಫ್ಲಶ್ ಮಾಡದಿದ್ದರೂ ಕಾಲು ಗಂಟೆಯೊಳಗೆ ಕಮೋಡಿನ ನೀರು ನೀಲಿಯಾಯಿತು. ಒಳಬರುವ ನಲ್ಲಿಯನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ಕಾದೆ. ಒಂದು ಗಂಟೆಯಾದ ಮೇಲೆ ಮತ್ತೆ ಆ ಗೆರೆಯವರೆಗೆ ತುಂಬಿಸಲು ಐದು ಲೀಟರ್ ಬೇಕಾಯಿತು. ದಿನಕ್ಕೆ 120 ಲೀಟರ್! ಅದೂ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪುಗಳು ಎತ್ತಿ ತರುವ ಕಾವೇರಿಯ ನೀರು.

ಈ ತೊಟ್ಟಿಯ ಚರಿತ್ರೆಯನ್ನು ಓದಿದಾಗ ಇನ್ನಷ್ಟು ನಾಚಿಕೆಯಾಯಿತು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ, ಜೋಸೆಫ್ ಬ್ರಾಮಾ 1778ರಲ್ಲಿ ಫ್ಲಶ್ ಶೌಚಾಲಯಕ್ಕೆ ಪೇಟೆಂಟ್ ಪಡೆದರು. ಅವರ ಯಂತ್ರಗಳು ಕವಾಟಗಳನ್ನು ನಂಬಿದ್ದವು. ಕವಾಟವಿದ್ದಲ್ಲಿ ಸೋರಿಕೆಯೂ ಇರುತ್ತದೆ. ದಿನದಲ್ಲಿ ಕೆಲವೇ ಗಂಟೆ ನೀರು ಬರುವ ಕಾಲದಲ್ಲಿ ಅದು ದೊಡ್ಡ ಸಂಗತಿಯಾಗಿರಲಿಲ್ಲ. ಆದರೆ 1871ರ ಶಾಸನವು ಲಂಡನ್ನಿಗೆ ಇಡೀ ದಿನ ನೀರು ಕೊಡುವ ದಾರಿ ತೆರೆದಾಗ, ಸೋರುವ ತೊಟ್ಟಿಯೆಂದರೆ ಹಗಲಿರುಳು ಹರಿಯುವ ಹಳ್ಳವೇ ಸರಿ. ಹೀಗಾಗಿ ಆ ಶಾಸನದಡಿಯ ನಿಯಮಗಳು ಒಮ್ಮೆಗೆ ಎರಡು ಗ್ಯಾಲನ್, ಅಂದರೆ ಸುಮಾರು ಒಂಬತ್ತು ಲೀಟರಿಗೆ ಮಿತಿ ಹಾಕಿದವು. ತೊಟ್ಟಿಗೆ ಅಂಟಿದ ಹೆಸರೇ 'ನೀರು ಪೋಲು ತಡೆಯುವ ಸಾಧನ' ಎಂದಾಯಿತು. ಶುಚಿಗೊಳಿಸುವುದು ಅದರ ಕೆಲಸ. ಹೆಸರು ಬಂದದ್ದು ಮಾತ್ರ ಉಳಿತಾಯದಿಂದ.

ಅದರೊಳಗಿನ ಉಪಾಯ ಸೈಫನ್. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಉತ್ತರ ಭಾರತದ 'ವಾಸುದೇವ ಕಟೋರಾ' ಎಂಬ ಬಟ್ಟಲಿನಲ್ಲಿ ನೀರು ಶಿಶುಕೃಷ್ಣನ ಪಾದ ಮುಟ್ಟಿದೊಡನೆ ತಾನಾಗಿ ಬರಿದಾಗುತ್ತದೆ. ಬಾಗಿದ ಕೊಳವೆಯ ನೆತ್ತಿಯನ್ನು ನೀರು ಒಮ್ಮೆ ದಾಟಿದರೆ ಸಾಕು, ಉಳಿದದ್ದೆಲ್ಲ ಹಿಂಬಾಲಿಸುತ್ತದೆ. ದಾಟದಿದ್ದರೆ ಹನಿಯೂ ಹೊರಬಾರದು. ನಮ್ಮ ಹಳೆಯ ಕಟ್ಟಡಗಳಲ್ಲಿ ಗೋಡೆಯ ಎತ್ತರದಲ್ಲಿರುತ್ತಿದ್ದ, ಸರಪಳಿ ಎಳೆಯುವ ಎರಕದ ಕಬ್ಬಿಣದ ತೊಟ್ಟಿಯಲ್ಲಿ ಘಂಟೆಯಾಕಾರದ ಮುಚ್ಚಳವೊಂದಿತ್ತು. ಸರಪಳಿ ಬಿಟ್ಟಾಗ ಅದು ಧೊಪ್ಪನೆ ಬಿದ್ದು ನೀರನ್ನು ನೆತ್ತಿ ದಾಟಿಸುತ್ತಿತ್ತು. ಆ ಗದ್ದಲಕ್ಕೆ ನಾವು ಬೆಚ್ಚಿಬೀಳುತ್ತಿದ್ದೆವು, ನಿಜ. ಆದರೆ ತಳದಲ್ಲಿ ಸವೆಯಲು ರಬ್ಬರಿನ ಕವಾಟವೇ ಇರಲಿಲ್ಲ.

ಬ್ರಿಟನ್ ಈ ಸೈಫನ್ನನ್ನು ಶತಮಾನಕ್ಕೂ ಹೆಚ್ಚು ಕಾಲ ಬಿಡಲಿಲ್ಲ. 1999ರ ನಿಯಮಗಳಲ್ಲಿ ಫ್ಲಶ್ ಮಿತಿಯನ್ನು ಆರು ಲೀಟರಿಗೆ ಇಳಿಸಿ, 2001ರಿಂದ ಕವಾಟದ ತೊಟ್ಟಿಗಳಿಗೂ ಅನುಮತಿ ಕೊಟ್ಟರು. ಎರಡು ಗುಂಡಿಯ ತೊಟ್ಟಿ ನೀರು ಉಳಿಸುತ್ತದೆಂಬುದು ಆಶಯ. ಅವು ಸೋರಿ, ಉಳಿಸುವುದಕ್ಕಿಂತ ಹೆಚ್ಚು ಪೋಲುಮಾಡುತ್ತಿವೆಯೆಂಬ ದೂರು 2020ರಲ್ಲಿ ಅಲ್ಲಿನ ನೀರು ಪೂರೈಕೆದಾರರಿಂದಲೇ ಬಂತು. ನಮ್ಮ ಮನೆಯದೂ ಅಂಥದೇ ಎರಡು ಗುಂಡಿಯದು.

ರಿಪೇರಿ ಅರ್ಧ ಗಂಟೆಯ ಕೆಲಸ. ಕವಾಟವನ್ನು ತಿರುಗಿಸಿ ಹೊರತೆಗೆದಾಗ, ಅಡಿಯ ರಬ್ಬರ್ ವಾಷರ್ ಗಡಸು ನೀರಿನ ಸುಣ್ಣ ಕಟ್ಟಿ ಹಪ್ಪಳದಂತೆ ಬಿರುಸಾಗಿತ್ತು. ಅದು ಕೂರುವ ಅಂಚನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹೊಸ ವಾಷರ್ ಹಾಕಿದೆ. ಮತ್ತೆ ಶಾಯಿ ಸುರಿದೆ. ಒಂದು ಗಂಟೆಯ ಮೇಲೂ ಕಮೋಡಿನ ನೀರು ತಿಳಿಯಾಗಿಯೇ ಇತ್ತು.

ಆ ಸಂಜೆ ಮಹಡಿ ಹತ್ತಿ ಹೋಗಿ, "ತಪ್ಪು ನನ್ನದಮ್ಮ, ಸೋರುತ್ತಿದ್ದದ್ದು ನಮ್ಮ ತೊಟ್ಟಿ" ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ನಮ್ಮದಕ್ಕೂ ಸ್ವಲ್ಪ ಶಾಯಿ ಹಾಕಿ ನೋಡಿಬಿಡಿ ಮೇಷ್ಟ್ರೇ" ಎಂದರು. ಶಾಯಿಯ ಸೀಸೆ ತರಲು ಕೆಳಗಿಳಿದೆ.