ನೀರು ಎತ್ತಿ ಹೊಯ್ದ ಹುಡುಗಿ ಮತ್ತ ನಮ್ಮನಿ ಮೀನಿನ ತೊಟ್ಟಿ

ಹೋದ ಯುಗಾದಿ ಮುಂದ ನಾ ಒಂದು ತಪ್ಪು ಮಾಡಿದೆ. ಅದನ್ನೂ ಹೇಳ್ತೀನಿ, ಆ ತಪ್ಪು ತಿಳ್ಕೊಳ್ಳಾಕ ಹೋಗಿ ಸಿಕ್ಕ ಸುಮಾರು ಇನ್ನೂರು ವರ್ಷದ ಕಥಿನೂ ಹೇಳ್ತೀನಿ. ಒಲಿ ಮ್ಯಾಲೆ ಏನರೆ ಇಟ್ಟಿದ್ರ ಉರಿ ಸಣ್ಣ ಮಾಡಿ ಬಂದು ಕೂಡ್ರಿ.

ದಸರಾ ಸೂಟ್ಯಾಗ ನನ್ನ ಮಗಳು ತನ್ನ ಸೋದರಮಾವನ ಕೂಡ ಸೇರಿ ಪಡಸಾಲ್ಯಾಗ ಎರಡು ಫೂಟಿನ ಗಾಜಿನ ತೊಟ್ಟಿ ಇಟ್ಟಿದ್ಲು. ಫಿಲ್ಟರ್ ಅಂಗಡಿದಲ್ಲ, ಕೈಲೆ ಮಾಡಿದ್ದು. ಒಂದು ಪ್ಲಾಸ್ಟಿಕ್ ಡಬ್ಬಿ, ತಳಕ್ಕ ತೂತು. ಮ್ಯಾಲೆ ಸ್ಪಂಜು, ಅದರ ಕೆಳಗ ನನ್ನ ತವರಮನಿಯ ಒಡದ ಮಂಗಳೂರು ಹಂಚಿನ ಚೂರು. ತೊಟ್ಟ್ಯಾಗಿನ ಸಣ್ಣ ಪಂಪು ನೀರನ್ನ ಮ್ಯಾಲಿನ ಡಬ್ಬಿಗೆ ಎತ್ತತದ, ನೀರು ಸ್ಪಂಜು, ಹಂಚು ದಾಟಿ ಝುಳುಝುಳು ಅಂತ ತಿರುಗಿ ತೊಟ್ಟಿಗೆ ಬೀಳತದ. ಏಳು ಗಪ್ಪಿ ಮೀನು. ಐದು ತಿಂಗಳು ಚೊಲೋನ ಇದ್ವು.

ಹಬ್ಬ ಬಂತು. ಜೇಡ ಹೊಡಿಯೂದು, ಡಬ್ಬಿ ತಿಕ್ಕೂದು ನಡದಿತ್ತು. ಫಿಲ್ಟರ್ ತಗದು ನೋಡಿದ್ರ ಸ್ಪಂಜಿನ ತುಂಬ ಕಂದು ಲೋಳಿ. ಇಷ್ಟು ಹೊಲಸು ಇಟಗೊಂಡು ಹಬ್ಬ ಮಾಡೂದು ಹ್ಯಾಂಗ ಅಂತ ನಳದ ನೀರಾಗ ಗಸಗಸ ತಿಕ್ಕಿ, ಹಂಚಿನ ಚೂರು ಸೈತ ತೊಳದು, ಬಿಸಲಿಗೆ ಒಣಗಿಸಿ ಇಟ್ಟೆ. ನಾಕು ದಿನದಾಗ ನೀರು ಮಬ್ಬಾತು. ಮೀನು ಮ್ಯಾಲೆ ಬಂದು ಬಾಯಿ ತಕ್ಕೊಂಡು ಒದ್ದಾಡಿದ್ವು. ಏಳೂ ಹೋದ್ವು. ಮಗಳು ಬೈಲಿಲ್ಲ, ಜಗಳ ಮಾಡಲಿಲ್ಲ. ಎರಡು ದಿನ ನನ್ನ ಜೋಡಿ ಮಾತ ಆಡಲಿಲ್ಲ, ಅಷ್ಟ. ಅದು ಬೈದಿದ್ದಕ್ಕಿಂತ ಹೆಚ್ಚು ಸುಟ್ಟಿತು ನೋಡ್ರಿ.

ಆಮ್ಯಾಲೆ ಓದಾಕ ಕೂತೆ. ಮೊದಲ ಸಿಕ್ಕಾಕಿ ಒಬ್ಬ ಹೊಲಿಗಿ ಹೆಣ್ಣಮಗಳು. ಹೆಸರು ಜಾನ್ ವಿಲ್‌ಪ್ರೋ-ಪವರ್, ಫ್ರಾನ್ಸಿನ ಹಳ್ಳಿಯಾಕಿ. ಪ್ಯಾರಿಸ್‌ನ್ಯಾಗ ರಾಜಕುಮಾರಿ ಒಬ್ಬಾಕಿಯ ಮದುವಿ ಅರಿವಿಗೆ ಕಸೂತಿ ಹಾಕಿದಾಕಿ. ಮದುವ್ಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಬಂದು, ಅಲ್ಲಿ ಸಮುದ್ರದ ಜೀವಿಗಳನ್ನ ನೋಡಕೋತ ಕೂತ್ಲು. ಆರ್ಗೊನಾಟ್ ಅಂತ ಒಂದು ಜೀವಿ ತನ್ನ ಚಿಪ್ಪು ತಾನ ಕಟ್ಟತದೋ, ಬ್ಯಾರೆದರದು ಕಸಗೋತದೋ ಅಂತ ಪಂಡಿತರಾಗ ವಾದ. ಅದನ್ನ ಜೀವಂತ ಇಟ್ಟು ನೋಡಬೇಕಂತ 1832ರಾಗ ಗಾಜಿನ ತೊಟ್ಟಿ ಮಾಡಿಸಿದ್ಲು. ತಾನ ಕಟ್ಟತದ ಅಂತ ತೋರಿಸಿದ್ಲು.

ಇನ್ನೊಬ್ಬಾಕಿ ಲಂಡನ್ನಿನ ಆನಾ ಥಿನ್. 1846ರಾಗ ಟಾರ್ಕೀ ಅನ್ನೂ ಕಡಲ ಊರಿಗೆ ಹೋದಾಗ ಹವಳದ ಜಾತಿಯ ಜೀವಿಗಳು ಕಣ್ಣಿಗೆ ಬಿದ್ವು. ದಾರ್ಯಾಗ ಜಜ್ಜಬಾರದಂತ ಅವನ್ನ ಸೂಜಿ-ದಾರದಿಂದ ಸ್ಪಂಜಿಗೆ ಹೊಲದು ಊರಿಗೆ ತಂದ್ಲು. ಆದ್ರ ಲಂಡನ್ನಿಗೆ ಸಮುದ್ರದ ನೀರು ದಿನಾ ಎಲ್ಲಿಂದ ಬರಬೇಕು? ಇದ್ದ ನೀರನ್ನ ತಿರಗಾ ಬಳಸಬೇಕಂದ್ರ ಅದಕ್ಕ ಗಾಳಿ ಕೂಡಬೇಕು. ಅದಕ್ಕ ತೆರದ ಕಿಡಕಿ ಮುಂದ ನೀರನ್ನ ಒಂದು ಪಾತ್ರಿಯಿಂದ ಇನ್ನೊಂದಕ್ಕ, ಅದರಿಂದ ಇದಕ್ಕ, ಸಲಕ್ಕ ಅರ್ಧ-ಮುಕ್ಕಾಲು ತಾಸು ಎತ್ತಿ ಎತ್ತಿ ಹೊಯ್ಯಿಸಿದ್ಲು.

ಹೊಯ್ದಾಕಿ ಆಕಿ ಅಲ್ಲರಿ, ಆಕಿ ಮನಿ ಕೆಲಸದ ಸಣ್ಣ ಹುಡುಗಿ. ದಣಿಯೂ ಕೆಲಸ ಖರೆ, ಆದ್ರ ಹುಡುಗಿಗೆ ಅದು ಆಟ ಅನಸ್ತಿತ್ತು ಅಂತ ಒಡತಿ ಬರದಾಳ. ಆಟ ಅನಸ್ತಿತ್ತೋ, ತೋಳು ನೋಯ್ತಿದ್ವೋ, ಆ ಹುಡುಗಿ ಬಾಯಿಂದ ಒಂದು ಮಾತೂ ಪುಸ್ತಕದಾಗ ಇಲ್ಲ. ಹೆಸರೂ ಇಲ್ಲ. ಅದನ್ನ ಓದೂಮುಂದ ನಮ್ಮನಿ ಪಂಪಿನ ಝುಳುಝುಳು ಕೇಳಿ ಬಂತು. ಎತ್ತೂದು, ಹೊಯ್ಯೂದು. ಆಕಿ ಕೈ ಮಾಡಿದ ಕೆಲಸನ ಈ ಯಂತ್ರ ಮಾಡತದ. ಬಾವಿಂದ ಕೊಡ ಎತ್ತಿದವರಿಗೆ ನಾ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಇವರಿಬ್ರೂ ಸಾಕಿದ್ದು ಸಮುದ್ರದ ಜೀವಿ. ನಮ್ಮಂಥ ಸಿಹಿನೀರಿನ ತೊಟ್ಟಿಯ ಲೆಕ್ಕ ಹಾಕಿದಾಂವ ಲಂಡನ್ನಿನ ರಸಾಯನ ಪಂಡಿತ ರಾಬರ್ಟ್ ವಾರಿಂಗ್ಟನ್. 12 ಗ್ಯಾಲನ್ ನೀರು, ಅಂದ್ರ ನಮ್ಮ ಲೆಕ್ಕದಾಗ ಮೂರು-ನಾಕು ಕೊಡ. ಅದರಾಗ ಎರಡು ಸಣ್ಣ ಬಂಗಾರ ಬಣ್ಣದ ಮೀನು, ವ್ಯಾಲಿಸ್ನೇರಿಯಾ ಅನ್ನೂ ನೀರಿನ ಗಿಡ. ಗಿಡ ಗಾಳಿ ಕೊಟ್ಟಿತು, ಆದ್ರ ಕೊಳತ ಎಲಿಯಿಂದ ನೀರು ಕೆಡಾಕ ಹತ್ತಿತು. ಆವಾಗ ಬಸವನಹುಳ ಬಿಟ್ಟ. ಅವು ಕೊಳತದ್ದನ್ನ ತಿಂದ್ವು, ಅವುಗಳ ತತ್ತಿ ಮೀನಿಗೆ ಊಟ ಆತು. ಇದನ್ನ 1850ರಾಗ ಅಚ್ಚು ಹಾಕಿಸಿದ. ಅಲ್ಲಿ ಗಾಜಿನ ಮ್ಯಾಲಿನ ಸುಂಕ 1845ಕ್ಕ ಹೋಗಿತ್ತು, ಗಾಜು ಅಗ್ಗ ಆಗಿತ್ತು. 1853ರಾಗ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಾಗ ಮೀನಿನ ಮನಿ ತೆರದ್ರು. ಮುಂದ ಮನಿಮನಿಯ ಪಡಸಾಲ್ಯಾಗ ತೊಟ್ಟಿ ಬಂದ್ವು.

ಆದ್ರ ನನ್ನ ತಪ್ಪಿಗೆ ಉತ್ತರ ಸಿಕ್ಕಿದ್ದು ಇನ್ನೂ ನಲವತ್ತು ವರ್ಷ ಆದ ಮ್ಯಾಲಿನ ಕಥ್ಯಾಗ. ಮೀನಿನ ಹೊಲಸಿನಿಂದ ಅಮೋನಿಯಾ ಆಗತದ. ದನದ ಕೊಟ್ಟಿಗ್ಯಾಗ ಮೂಗಿಗೆ ಹೊಡಿತದಲ್ಲ, ಅದ. ಮೀನಿಗೆ ಅದು ವಿಷ. 1890ರ ಸುಮಾರಿಗೆ ರಷ್ಯಾದ ಸೆರ್ಗೈ ವಿನೋಗ್ರಾಡ್ಸ್ಕಿ ಅನ್ನೂ ವಿಜ್ಞಾನಿ ಒಂದು ಸಂಗತಿ ತೋರಿಸಿಕೊಟ್ಟ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಮೋನಿಯಾವನ್ನ ನೈಟ್ರೈಟ್ ಮಾಡ್ತಾವ. ಅದೂ ವಿಷನ. ಇನ್ನೊಂದು ಜಾತಿಯವು ಅದನ್ನ ನೈಟ್ರೇಟ್ ಮಾಡ್ತಾವ. ಅದು ಗಿಡಕ್ಕ ಗೊಬ್ಬರ, ಮೀನಿಗೂ ಅಷ್ಟು ಕೆಡಕಲ್ಲ. ಆಂವ ಅಭ್ಯಾಸ ಮಾಡಿದ್ದು ಮಣ್ಣಿನಾಗಿನ ಜೀವಿಗಳನ್ನ, ಆದ್ರ ತೊಟ್ಟ್ಯಾಗೂ ನಡಿಯೂದು ಅದ ಸಂಸಾರ. ಅವಕ್ಕ ಹಿಡಕೊಂಡು ಕೂಡಾಕ ಒಂದು ಜಾಗ ಬೇಕು, ಉಸರಾಡಾಕ ಗಾಳಿ ಕೂಡಿದ ನೀರು ಬೇಕು. ಹಂಚಿನ ಚೂರಿನ ಸಣ್ಣ ಸಣ್ಣ ರಂಧ್ರ, ಸ್ಪಂಜಿನ ತೂತು, ಅವ ಅವುಗಳ ಮನಿ.

ಅಂದ್ರ ನಾ ಹೊಲಸು ಅಂತ ತಿಕ್ಕಿ ತಗದದ್ದು ಹೊಲಸಲ್ಲ, ತೊಟ್ಟಿಯ ಜೀವ. ಔಷಧ ಹಾಕಿದ ನಳದ ನೀರು ಅರ್ಧ ಕೊಂದಿತು, ಬಿಸಲು ಉಳದದ್ದನ್ನ ಕೊಂದಿತು. ಲಕಾಲಕ ತೊಳಿಯೂದನ್ನ ಹೆಗ್ಗಳಿಕಿ ಅಂತ ತಿಳದಾಕಿ ನಾನು. ಮೊಸರಿನ ಗಡಗಿ ತಳದಾಗ ಹೆಪ್ಪು ಬಿಟ್ಟು ತೊಳಿಯೂದು ಗೊತ್ತಿದ್ದಾಕಿಗೆ ಇದು ತಿಳೀಲಿಲ್ಲ ನೋಡ್ರಿ.

ಈಗ ಮತ್ತ ತೊಟ್ಟಿ ನಡದದ. ಈ ಸಲ ಗೆಳತಿ ಮನಿ ತೊಟ್ಟಿಯಿಂದ ಹಳೆ ಸ್ಪಂಜಿನ ತುಂಡು ಹೆಪ್ಪು ತಂದು ಹಾಕಿದ್ವಿ. ಮೊದಲು ಎರಡ ಮೀನು ಬಿಟ್ಟು, ಒಂದೂವರಿ ತಿಂಗಳು ಕಾದು ಉಳದವನ್ನ ಬಿಟ್ವಿ. ನಳದ ನೀರನ್ನ ಒಂದು ದಿನ ಬಾಯಿ ತೆರದ ಬಕೀಟಿನ್ಯಾಗ ಇಟ್ಟು, ಔಷಧ ಕಳಿಯೂ ಹನಿ ಹಾಕಿ, ವಾರಕ್ಕೊಮ್ಮೆ ಕಾಲಭಾಗ ಅಷ್ಟ ಬದಲಿ ಮಾಡ್ತೀವಿ. ತಗದ ನೀರು ತುಳಸಿಗೆ, ದಾಸವಾಳಕ್ಕ. ಸ್ಪಂಜು ಹಿಂಡೂದು ತೊಟ್ಟಿಯಿಂದ ತಗದ ನೀರಾಗ, ಅದೂ ಮೆತ್ತಗ.

ಡಬ್ಬಿ ಮುಚ್ಚಳದ ಮ್ಯಾಲೆ ಮಗಳು ಒಂದು ಚೀಟಿ ಹಚ್ಚ್ಯಾಳ: “ಅವ್ವಾ, ತೊಳಿಬ್ಯಾಡ.” ಬಂದವರೆಲ್ಲ ಓದಿ ನಗ್ತಾರ, ನಗಲಿ. ನಿಮ್ಮ ಮನ್ಯಾಗ ಯಾರರೆ ತೊಟ್ಟಿ ಇಡೂದಿದ್ರ ಹೇಳ್ರಿ, ಹೆಪ್ಪು ನಮ್ಮನ್ಯಾಗ ಅದ. ಹಸಿ ಇದ್ದಾಗನ ಒಯ್ಯಬೇಕು, ಡಬ್ಬಿ ನೀವ ತರ್ರಿ.